ಮನೆಯಲ್ಲಿ 52 ಕಿಲೋ, ಗುಜರಿಯಲ್ಲಿ 44: ಹಳೆಯ ಬ್ಯಾಟರಿಯನ್ನು ಸರಿಯಾಗಿ ತೂಗುವುದು ಹೇಗೆ?

ಹಳೆಮನೆ ಹಾಸನ
ಊರಿನ ಮನೆಯನ್ನು ಖಾಲಿ ಮಾಡುತ್ತಿದ್ದೇವೆ. ಅಪ್ಪ ಯಾವ ವಸ್ತುವನ್ನೂ ಎಸೆದವರಲ್ಲ. ಎರಡು ಸತ್ತ ಇನ್ವರ್ಟರ್ ಬ್ಯಾಟರಿ (150 ಎಎಚ್, ಎತ್ತರದ ಟ್ಯೂಬ್ಯುಲರ್), ಸುಟ್ಟ ಪಂಪ್ ಮೋಟಾರ್ ಒಂದು, ಹಿತ್ತಾಳೆ ನಲ್ಲಿಗಳು, ಒಂದು ಚೀಲ ತಾಮ್ರದ ತಂತಿ, ಲೆಕ್ಕವಿಲ್ಲದಷ್ಟು ಕಬ್ಬಿಣ ಇವೆ.

ನಿನ್ನೆ ಒಂದು ಬ್ಯಾಟರಿಯನ್ನು ಆಟೋದಲ್ಲಿ ಗುಜರಿಗೆ ಒಯ್ದೆ. ಕಿಲೋಗೆ 95 ರೂಪಾಯಿ ಎಂದರು. ತೂಕದ ಯಂತ್ರದ ಮೇಲೆ ಇಟ್ಟಾಗ 44 ಕಿಲೋ ತೋರಿಸಿತು. ಹೊರಡುವ ಮುನ್ನ ನಾನು ಸ್ನಾನದ ಮನೆಯ ಪಕ್ಕ ಇಟ್ಟಿರುವ, ನಾವು ನಿಂತು ತೂಕ ನೋಡಿಕೊಳ್ಳುವ ಯಂತ್ರದಲ್ಲಿ ತೂಗಿದ್ದೆ. ಬ್ಯಾಟರಿಯ ಅಡಿಯಲ್ಲಿ ಪರದೆ ಮುಚ್ಚಿಹೋಗುತ್ತದೆಂದು ನಡುವೆ ಮಣೆ ಇಟ್ಟು, ಮಣೆಯ ತೂಕ ಕಳೆದೆ. ಬಂದದ್ದು 52. ಎಂಟು ಕಿಲೋ ವ್ಯತ್ಯಾಸ! ಕೇಳಿದ್ದಕ್ಕೆ "ನಿಮ್ಮದು ಮನುಷ್ಯರನ್ನು ತೂಗುವ ಯಂತ್ರ ಸ್ವಾಮಿ" ಎಂದು ನಕ್ಕರು. ಬ್ಯಾಟರಿಯನ್ನು ವಾಪಸು ತಂದೆ. ಆಟೋದವನಿಗೆ ಎರಡು ಸಲ ಬಾಡಿಗೆ.

ಯಾರು ಸರಿ? ಮಾರುವ ಮೊದಲು ಮನೆಯಲ್ಲೇ ನಂಬಬಹುದಾದ ತೂಕ ತೆಗೆಯುವುದು ಹೇಗೆ?

ಸೀಗೆಪುಡಿ
ಇಬ್ಬರೂ ತಪ್ಪು ಇರಬಹುದು. ನನ್ನ ಮನೆಯ ಯಂತ್ರ ನನ್ನನ್ನೇ ದಿನಕ್ಕೆ ಮೂರು ತೂಕ ತೋರಿಸುತ್ತದೆ.

ಗಿರಣಿ ಗುರು
ಗುಜರಿಯವರು ತೂಕದಲ್ಲಿ ಹೊಡೆಯದೆ ಇನ್ನೆಲ್ಲಿ ಹೊಡೆಯುತ್ತಾರೆ? ಊರಿನ ಹಿಟ್ಟಿನ ಗಿರಣಿಗೆ ಹೋಗಿ, ಅಲ್ಲಿ ನೂರು ಕಿಲೋ ತೂಗುವ ಯಂತ್ರ ಇದ್ದೇ ಇರುತ್ತದೆ. ಚೀಟಿಯಲ್ಲಿ ಬರೆಸಿಕೊಂಡು ಗುಜರಿಗೆ ತೋರಿಸಿ.

ಮಲೆನಾಡ ಮಳೆ
ಗುರುಗಳೇ, ರಾಗಿ ಬೀಸುವ ಕಡೆ ಆಸಿಡ್ ತುಂಬಿದ ಬ್ಯಾಟರಿಯನ್ನು ಇಡುವ ಸಲಹೆ ಕೊಡುತ್ತಿದ್ದೀರಲ್ಲ! ನಿಮ್ಮ ಗಿರಣಿಯ ವಿಳಾಸ ಹೇಳಿ, ಅತ್ತ ಕಡೆ ಬರುವುದಿಲ್ಲ.

ಗಿರಣಿ ಗುರು
ಅದೂ ನಿಜ. ಹಿಂದಕ್ಕೆ ತೆಗೆದುಕೊಂಡೆ.

ಭೌತಶಾಸ್ತ್ರ ಮೇಷ್ಟ್ರು
ಹಾಸನದವರೇ, ಮನುಷ್ಯರನ್ನು ತೂಗುವ ಯಂತ್ರದ ಎರಡು ದೋಷಗಳನ್ನು ಮೊದಲು ತಿಳಿದುಕೊಳ್ಳಿ. ಒಂದು, ಭಾರ ನಾಲ್ಕು ಕಾಲುಗಳ ಮೇಲೂ ಹಂಚಿಹೋಗಬೇಕು, ನೆಲ ಗಟ್ಟಿಯಾಗಿ ಮಟ್ಟವಾಗಿರಬೇಕು. ನಿಮ್ಮ ಮಣೆ ಒಂದು ಅಂಚನ್ನು ಒತ್ತಿದ್ದರೆ ಲೆಕ್ಕ ಕೆಟ್ಟಿತು. ಇನ್ನೊಂದು ಅನೇಕರಿಗೆ ಗೊತ್ತಿಲ್ಲ: ಈ ಡಿಜಿಟಲ್ ಯಂತ್ರಗಳಲ್ಲಿ ಹಲವು ಹಿಂದಿನ ತೂಕವನ್ನು ನೆನಪಿಟ್ಟುಕೊಂಡು, ಹೊಸ ತೂಕ ಅದಕ್ಕೆ ಹತ್ತಿರವಿದ್ದರೆ ಹಳೆಯದನ್ನೇ ತೋರಿಸುತ್ತವೆ. ನೋಡುವವರಿಗೆ "ಆಹಾ, ಎಷ್ಟು ಸ್ಥಿರ" ಎನಿಸುತ್ತದೆ. ಆದ್ದರಿಂದ ಪ್ರತಿ ಸಲ ನಡುವೆ ಬೇರೆಯೇ ತೂಕದ ವಸ್ತುವನ್ನು ಇಟ್ಟು ತೆಗೆಯಿರಿ.

ಆದರೂ ಈ ಯಂತ್ರ ಒಂದೆರಡು ಕಿಲೋ ತಪ್ಪಬಹುದು, ಎಂಟು ಕಿಲೋ ಕಷ್ಟ.

ಅಂಗಡಿಗಳಲ್ಲಿರುವ 30 ಕಿಲೋ ಯಂತ್ರ ಸಿಕ್ಕರೆ ಸಾಕು, 50 ಕಿಲೋ ಬ್ಯಾಟರಿಯನ್ನೂ ತೂಗಬಹುದು. ಗಟ್ಟಿ ಹಲಗೆ ತೆಗೆದುಕೊಳ್ಳಿ. ಅದರ ಎರಡು ತುದಿಗಳ ಅಡಿಗೂ ಒಂದೊಂದು ಕಬ್ಬಿಣದ ಸರಳನ್ನು ಅಡ್ಡಲಾಗಿ ಕಟ್ಟಿ. ಒಂದು ಸರಳು ಯಂತ್ರದ ತಟ್ಟೆಯ ನಡುವೆ, ಇನ್ನೊಂದು ಅಷ್ಟೇ ಎತ್ತರದ ಇಟ್ಟಿಗೆಯ ಮೇಲೆ ಕೂರಲಿ. ಬ್ಯಾಟರಿಯನ್ನು ಹಲಗೆಯ ಮಧ್ಯದಲ್ಲಿಟ್ಟು ಅಂಕಿ ಬರೆದುಕೊಳ್ಳಿ. ಈಗ ಬ್ಯಾಟರಿಯನ್ನು ಹಲಗೆಯ ಮೇಲೆ ಒಂದು ನೂಲಿನಷ್ಟೂ ಸರಿಸದೆ, ಯಂತ್ರ ಮತ್ತು ಇಟ್ಟಿಗೆಗಳನ್ನು ಅದಲುಬದಲು ಮಾಡಿ ಮತ್ತೆ ಬರೆದುಕೊಳ್ಳಿ. ಎರಡನ್ನೂ ಕೂಡಿಸಿ, ಹಲಗೆ ಮತ್ತು ಸರಳುಗಳ ತೂಕ ಕಳೆಯಿರಿ. ಹಲಗೆ ಮಟ್ಟವಾಗಿರಬೇಕು, ಅಷ್ಟೇ ಷರತ್ತು.

ಸೀಗೆಪುಡಿ
ಬ್ಯಾಟರಿ ನಡುಮಧ್ಯ ಇಲ್ಲದಿದ್ದರೆ?

ಭೌತಶಾಸ್ತ್ರ ಮೇಷ್ಟ್ರು
ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಅಷ್ಟೇ ಕಡಿಮೆ. ಮೊತ್ತ ಬದಲಾಗುವುದಿಲ್ಲ. ಯಂತ್ರದ 30 ಕಿಲೋ ಮಿತಿ ಮೀರದಂತೆ ನೋಡಿಕೊಳ್ಳಿ. ಎಂಟನೇ ತರಗತಿಯಲ್ಲಿ ನೀವು ಕಿಟಕಿಯ ಹೊರಗೆ ನೋಡುತ್ತಿದ್ದಿರಿ ಎಂದು ಕಾಣುತ್ತದೆ.

ಸೀಗೆಪುಡಿ
ಕಿಟಕಿಯ ಹೊರಗೆ ಗುಜರಿ ಅಂಗಡಿಯೇ ಇತ್ತು ಸರ್.

ಗುಜರಿ ಅಂಗಡಿ, 30 ವರ್ಷ
ಎಲ್ಲ ಗುಜರಿಯವರನ್ನೂ ಕಳ್ಳರ ಸಾಲಿನಲ್ಲಿ ನಿಲ್ಲಿಸಿದ್ದೀರಿ, ಸಂತೋಷ. ಈಗ ನನ್ನ ಮಾತನ್ನೂ ಕೇಳಿ.

ಕಿಲೋಗೆ 95 ಎಂದಾಗಲೇ ಹಾಸನದ ಅಣ್ಣನವರಿಗೆ ಅನುಮಾನ ಬರಬೇಕಿತ್ತು. ನಮ್ಮ ಕಡೆ ಆ ವಾರ ಯಾರೂ 88 ದಾಟುತ್ತಿರಲಿಲ್ಲ. ಮೇಲೆ ಸೀಸ ಕರಗಿಸುವ ಕಾರ್ಖಾನೆಯವರು ನಮಗೆ ಕೊಡುವ ದರಕ್ಕೂ ನಾವು ನಿಮಗೆ ಕೊಡುವ ದರಕ್ಕೂ ನಡುವೆ ಕೆಲವೇ ರೂಪಾಯಿ ಉಳಿಯುತ್ತದೆ. ಅದರಲ್ಲೇ ಬಾಡಿಗೆ, ಆಳು, ಲಾರಿ. ಆ ಅಂತರವನ್ನೂ ಮೀರಿ ದರ ಹೇಳುವವನು ಎಲ್ಲಿಂದ ತುಂಬಿಕೊಳ್ಳುತ್ತಾನೆ? ತೂಕದಿಂದ. ಗಿರಾಕಿ ನಾಲ್ಕು ಅಂಗಡಿಗೆ ಫೋನ್ ಮಾಡಿ ದರ ಕೇಳುತ್ತಾನೆ, ಯಾರೂ "ನಿಮ್ಮ ಯಂತ್ರಕ್ಕೆ ಸರ್ಕಾರಿ ಮುದ್ರೆ ಹಾಕಿಸಿ ಎಷ್ಟು ತಿಂಗಳಾಯಿತು" ಎಂದು ಕೇಳುವುದಿಲ್ಲ. ಸರಿಯಾಗಿ ತೂಗುವವನು ದರದಲ್ಲಿ ಸೋತು ಗಿರಾಕಿಯನ್ನು ಕಳೆದುಕೊಳ್ಳುತ್ತಾನೆ.

ಇನ್ನು ಕಡಿತದ ವಿಷಯ. ಆಸಿಡ್ ಸಮೇತ ಒಂದು ದರ, ಆಸಿಡ್ ಇಲ್ಲದೆ ಇನ್ನೊಂದು ದರ. ಬ್ಯಾಟರಿಯ ತೂಕದಲ್ಲಿ ಸೀಸ ಹೆಚ್ಚೂಕಡಿಮೆ ನೂರಕ್ಕೆ ಅರವತ್ತು ಭಾಗ, ಉಳಿದದ್ದು ಆಸಿಡ್ ನೀರು ಮತ್ತು ಪ್ಲಾಸ್ಟಿಕ್. ಮಾತು ಆಡುವಾಗಲೇ "ಇದು ಆಸಿಡ್ ಸಮೇತದ ದರವೇ, ತೂಕದಲ್ಲಿ ಮತ್ತೆ ಕಡಿತ ಇದೆಯೇ" ಎಂದು ಕೇಳಿ. ಕೆಲವರು ಸಮೇತದ ದರ ಹೇಳಿ, ತೂಗಿದ ಮೇಲೆ "ಆಸಿಡ್‌ಗೆ ಐದು ಕಿಲೋ" ಎಂದು ಮತ್ತೆ ಕಳೆಯುತ್ತಾರೆ. ಮೋಸ ಅಲ್ಲಿದೆ.

ಹಳೆಮನೆ ಹಾಸನ
ನನಗೆ ಕಡಿತದ ಮಾತೇ ಹೇಳಲಿಲ್ಲ. ಯಂತ್ರದಲ್ಲೇ 44 ಬಂತು. ಭಾರ ಇಡುವ ಮೊದಲು ಸೊನ್ನೆಯೇ ಇತ್ತು, ನಾನೇ ನೋಡಿದೆ.

ಭೌತಶಾಸ್ತ್ರ ಮೇಷ್ಟ್ರು
ಸೊನ್ನೆ ಸರಿಯಿದ್ದರೆ ಯಂತ್ರ ಸರಿಯಿದೆ ಎಂದಲ್ಲ. ಕೆಳಗಿನ ತುದಿ ಸರಿಯಿಟ್ಟು ಮೇಲಕ್ಕೆ ಹೋದಂತೆ ಪ್ರತಿ ಕಿಲೋಗೂ ನೂರಿಪ್ಪತ್ತು ಗ್ರಾಂ ನುಂಗುವಂತೆ ಹೊಂದಿಸಬಹುದು. ಗೊತ್ತಿರುವ ತೂಕವನ್ನು ಇಟ್ಟು ನೋಡಿದರೆ ಮಾತ್ರ ಸಿಕ್ಕಿಬೀಳುತ್ತದೆ.

ಕೋಲಾರದ ಕೊಳವೆಬಾವಿ
ಗೊತ್ತಿರುವ ತೂಕ ಎಂದರೆ ಯಾವುದು? 20 ಲೀಟರ್ ನೀರಿನ ಕ್ಯಾನ್ ಒಯ್ದರೆ ಆಗುವುದಿಲ್ಲವೇ? ಒಂದು ಲೀಟರ್ ನೀರು ಒಂದು ಕಿಲೋ ತಾನೇ.

ಸೀಗೆಪುಡಿ
ನಮ್ಮ ಬೀದಿಯ ನೀರಿನವನ ಕ್ಯಾನ್‌ನಲ್ಲಿ ಇಪ್ಪತ್ತು ಲೀಟರ್ ಇರುತ್ತದೆ ಎಂಬುದೇ ಇನ್ನೊಂದು ಚರ್ಚೆಗೆ ಸಾಕು.

ಅಡುಗೆಮನೆ ಅಕ್ಕ
ಗ್ಯಾಸ್ ಸಿಲಿಂಡರ್ ಇಲ್ಲವೇ ಮನೆಯಲ್ಲಿ? ಮೇಲಿನ ಪಟ್ಟಿಯಲ್ಲಿ ಖಾಲಿ ಸಿಲಿಂಡರಿನ ತೂಕವನ್ನು ಅಚ್ಚು ಹಾಕಿರುತ್ತಾರೆ. ಮನೆಬಳಕೆಯದಾದರೆ ಅದಕ್ಕೆ 14.2 ಕಿಲೋ ಸೇರಿಸಿ. ಪಟ್ಟಿಯಲ್ಲಿ 15.9 ಇದ್ದರೆ, ಸೀಲ್ ಒಡೆಯದ ಸಿಲಿಂಡರ್ 30.1 ಕಿಲೋ. ಎಂಟು ಕಿಲೋ ಮೋಸ ಹಿಡಿಯಲು ಇದು ಧಾರಾಳ ಸಾಕು. ಸಿಲಿಂಡರ್ ತರುವವರು ತೂಗಿ ತೋರಿಸಿ ಎಂದರೆ ತೋರಿಸಬೇಕು, ನಾನು ಪ್ರತಿ ಸಲ ತೂಗಿಸುತ್ತೇನೆ. ಅವರ ತಕ್ಕಡಿಗೆ ನಿಮ್ಮ ಬ್ಯಾಟರಿಯನ್ನು ನೇತುಹಾಕಲು ಹೋಗಬೇಡಿ, ಅಷ್ಟೆ.

ಸಣ್ಣ ಯಂತ್ರ ಪರೀಕ್ಷಿಸಲು ಹತ್ತು ರೂಪಾಯಿ ನಾಣ್ಯ ಇದೆ. ಒಂದಕ್ಕೆ ಸುಮಾರು 7.7 ಗ್ರಾಂ. ದೇವರ ಹುಂಡಿಯಲ್ಲಿ ನೂರು ಇದ್ದರೆ ಸುಮಾರು 770 ಗ್ರಾಂ.

ಮಲೆನಾಡ ಮಳೆ
ನೂರು ಹತ್ತರ ನಾಣ್ಯ ತೆಗೆದುಕೊಂಡು ಗುಜರಿಗೆ ಹೋಗುವ ದೃಶ್ಯ ಕಣ್ಣಿಗೆ ಕಟ್ಟಿತು.

ಮುದ್ರೆ ಕಂಡವನು
ಕಾನೂನು ಮಾಪನಶಾಸ್ತ್ರ ಇಲಾಖೆಯ ಶಿಬಿರಗಳಿಗೆ ನಮ್ಮ ಅಂಗಡಿಯ ಯಂತ್ರಗಳನ್ನು ಹೊತ್ತು ಹೊತ್ತು ಸೊಂಟ ಬಿದ್ದವನು ನಾನು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ, 2011ರ ನಿಯಮಗಳ ಪ್ರಕಾರ ವ್ಯಾಪಾರಕ್ಕೆ ಬಳಸುವ ಎಲೆಕ್ಟ್ರಾನಿಕ್ ತೂಕದ ಯಂತ್ರವನ್ನು ಹನ್ನೆರಡು ತಿಂಗಳಿಗೊಮ್ಮೆ ಪರಿಶೀಲಿಸಿ ಮುದ್ರೆ ಹಾಕಿಸಬೇಕು. ಕೈತಕ್ಕಡಿಗೆ ಮತ್ತು ತೂಕದ ಬಟ್ಟುಗಳಿಗೆ ಇಪ್ಪತ್ನಾಲ್ಕು ತಿಂಗಳು. ಪ್ರಮಾಣಪತ್ರವನ್ನು ಅಂಗಡಿಯಲ್ಲಿ ಕಾಣುವಂತೆ ಹಾಕಿರಬೇಕು. ಕೇಳಿ ನೋಡಿ. "ಒಳಗಡೆ ಇದೆ" ಎಂಬ ಉತ್ತರ ಬಂದರೆ ಹೊರಗಡೆ ನಡೆಯಿರಿ.

ಕೊಕ್ಕೆಗೆ ನೇತುಹಾಕುವ, ಪ್ರಯಾಣದ ಪೆಟ್ಟಿಗೆ ತೂಗುವ ಚಿಕ್ಕ ಡಿಜಿಟಲ್ ಸಾಧನ ನಿಮ್ಮ ಸಮಾಧಾನಕ್ಕೆ ಮಾತ್ರ. ಅದರಲ್ಲಿ ತೂಗಿ ವ್ಯಾಪಾರ ಮಾಡುವಂತಿಲ್ಲ.

ದೂರಿಗೆ ತಾಲ್ಲೂಕಿನ ನಿರೀಕ್ಷಕರ ಕಚೇರಿ ಇದೆ, ಗ್ರಾಹಕ ಸಹಾಯವಾಣಿ 1915 ಇದೆ.

ಗಿರಣಿ ಗುರು
ಲಾರಿ ತೂಗುವ ವೇಬ್ರಿಡ್ಜ್‌ಗೆ ಒಯ್ದರೆ? ಅಲ್ಲಿ ಕಂಪ್ಯೂಟರ್ ಚೀಟಿ ಕೊಡುತ್ತಾರೆ.

ಮುದ್ರೆ ಕಂಡವನು
ಗುರುಗಳೇ, ಇಂದು ನಿಮ್ಮ ದಿನವಲ್ಲ. ಹತ್ತು ಕಿಲೋ ಹಂತದಲ್ಲಿ ತೋರಿಸುವ ವೇಬ್ರಿಡ್ಜ್‌ನಲ್ಲಿ ನಿಮ್ಮ ಬ್ಯಾಟರಿ 50 ಅಥವಾ 60 ಎಂದು ಬರುತ್ತದೆ. ಯಂತ್ರದ ಫಲಕದಲ್ಲಿ ಕನಿಷ್ಠ ತೂಕ ಎಂದೂ ಬರೆದಿರುತ್ತದೆ. ಸಾಮಾನ್ಯ ವ್ಯಾಪಾರದ ಮೂರನೇ ದರ್ಜೆಯ ಯಂತ್ರದಲ್ಲಿ ಅದು ಹಂತದ ಇಪ್ಪತ್ತು ಪಟ್ಟು. ಹತ್ತು ಕಿಲೋ ಹಂತವಿದ್ದರೆ ಇನ್ನೂರು ಕಿಲೋಗಿಂತ ಕಡಿಮೆಯದನ್ನು ಅಲ್ಲಿ ತೂಗಬಾರದು. 50 ಗ್ರಾಂ ಹಂತದ ಯಂತ್ರದಲ್ಲಿ ಒಂದು ಕಿಲೋಗಿಂತ ಕಡಿಮೆ ತಾಮ್ರವನ್ನು ತೂಗಿಸಬಾರದು ಎನ್ನುವುದೂ ಇದೇ ಲೆಕ್ಕ.

ವೈಂಡಿಂಗ್ ಅಂಗಡಿ
ತಾಮ್ರದ ಮಾತು ಬಂದದ್ದು ಒಳ್ಳೆಯದಾಯಿತು. ಎಲ್ಲರೂ ಬ್ಯಾಟರಿಯ ಹಿಂದೆ ಬಿದ್ದಿದ್ದೀರಿ. ತಾಮ್ರದಲ್ಲಿ ನೂರು ಗ್ರಾಂ ಹೋದರೆ ಬ್ಯಾಟರಿಯಲ್ಲಿ ಮುಕ್ಕಾಲು ಕಿಲೋ ಹೋದಂತೆ.

ಹಾಸನದ ಸರ್, ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಒಯ್ಯಬೇಡಿ. ಬೆರಕೆ ಚೀಲಕ್ಕೆ ಅದರಲ್ಲಿರುವ ಅತಿ ಅಗ್ಗದ ಲೋಹದ ದರ ಕಟ್ಟುತ್ತಾರೆ. ಮೊದಲು ಅಯಸ್ಕಾಂತ ಹಿಡಿದು ಕಬ್ಬಿಣ ಬೇರೆ ಮಾಡಿ. ನಲ್ಲಿಗಳಲ್ಲಿ ಹಿತ್ತಾಳೆ ಬಣ್ಣದ ಲೇಪನ ಇರುವವು ಇರುತ್ತವೆ, ಅರದಿಂದ ಉಜ್ಜಿ ನೋಡಿ. ಒಳಗೂ ಹಳದಿ ಇದ್ದರೆ ಹಿತ್ತಾಳೆ. ಒಳಗಿನ ಕಬ್ಬಿಣದ ತಿರುಪು, ರಬ್ಬರ್ ವಾಷರ್ ತೆಗೆದುಬಿಡಿ, ಇಲ್ಲದಿದ್ದರೆ ಅದಕ್ಕೆಂದು ಇಷ್ಟಬಂದಷ್ಟು ಕಳೆಯುತ್ತಾರೆ.

ಮೋಟಾರನ್ನು ಇಡಿಯಾಗಿ ಕಬ್ಬಿಣದ ದರಕ್ಕೆ ಕೊಡಬೇಡಿ. ಆದರೆ ಒಳಗಿನದು ತಾಮ್ರವೇ ಎಂದೂ ಎದೆ ತಟ್ಟಿಕೊಳ್ಳಬೇಡಿ. ಅಗ್ಗದ ಮೋಟಾರುಗಳಲ್ಲಿ ಅಲ್ಯೂಮಿನಿಯಂ ತಂತಿಗೂ ತಾಮ್ರದ ಬಣ್ಣದ ವಾರ್ನಿಷ್ ಇರುತ್ತದೆ. ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ಕೈಯಲ್ಲಿ ಎತ್ತಿದರೂ ಗೊತ್ತಾಗುತ್ತದೆ: ಅಷ್ಟೇ ಗಾತ್ರದ ತಾಮ್ರ ಅಲ್ಯೂಮಿನಿಯಂನ ಮೂರು ಪಟ್ಟಿಗಿಂತ ಹೆಚ್ಚು ತೂಗುತ್ತದೆ.

ಕೋಲಾರದ ಕೊಳವೆಬಾವಿ
ತಂತಿಯ ಪ್ಲಾಸ್ಟಿಕ್ ಸುಟ್ಟು ಒಯ್ದರೆ ಒಳ್ಳೆಯ ದರ ಅಂತೆ?

ವೈಂಡಿಂಗ್ ಅಂಗಡಿ
ಸುಟ್ಟ ತಾಮ್ರ ಕಪ್ಪಾಗುತ್ತದೆ, ದರವೂ ಇಳಿಯುತ್ತದೆ. ಆ ಹೊಗೆ ಕುಡಿದ ನಮ್ಮ ಅಂಗಡಿಯ ಹುಡುಗ ಮೂರು ದಿನ ಕೆಮ್ಮಿದ. ದಪ್ಪ ಕೇಬಲ್ ಇದ್ದರೆ ಚಾಕುವಿನಿಂದ ಉದ್ದಕ್ಕೆ ಸೀಳಿ. ತೆಳು ತಂತಿಯನ್ನು ಹಾಗೆಯೇ ಕೊಡಿ, ಆದರೆ ಒಂದು ಮೀಟರ್ ಕತ್ತರಿಸಿ, ಬಿಡಿಸಿ, ಮೊದಲು ಎಷ್ಟು ಗ್ರಾಂ ಇತ್ತು, ತಾಮ್ರ ಎಷ್ಟು ಗ್ರಾಂ ಬಂತು ಎಂದು ಅಡುಗೆಮನೆಯ ಯಂತ್ರದಲ್ಲಿ ತೂಗಿಟ್ಟುಕೊಳ್ಳಿ. "ಅರ್ಧಕ್ಕರ್ಧ ಪ್ಲಾಸ್ಟಿಕ್" ಎಂದಾಗ ಜೇಬಿನಿಂದ ತೆಗೆದು ತೋರಿಸಲು.

ಜಾಣಗೆರೆ
ಯಾರೂ ಹೇಳದ ಉಪಾಯ ಹೇಳುತ್ತೇನೆ. ಹಳೆಯ ಬ್ಯಾಟರಿಯಲ್ಲಿ ನೀರು ಇಂಗಿರುತ್ತದೆ. ಆರು ಮುಚ್ಚಳ ತೆಗೆದು ನೀರು ತುಂಬಿ, ನಾಲ್ಕೈದು ಕಿಲೋ ತಾನಾಗಿ ಏರುತ್ತದೆ!

ಗುಜರಿ ಅಂಗಡಿ, 30 ವರ್ಷ
ನೋಡಿದಿರಾ? ಈಗ ಕಳ್ಳ ಯಾರು? ಇಂಥವರು ಹತ್ತು ಜನ ಬಂದ ಮೇಲೆಯೇ ಹನ್ನೊಂದನೆಯವರಿಗೆ "ಆಸಿಡ್ ಕಡಿತ" ಶುರುವಾಗುವುದು. ಒಬ್ಬರು ಮೋಟಾರಿನೊಳಗೆ ಮರಳು ತುಂಬಿ ತಂದಿದ್ದರು. ಸುರಿದು ತೋರಿಸಿದಾಗ "ಹೊಳೆ ಪಕ್ಕದ ಪಂಪ್ ಸ್ವಾಮಿ" ಎಂದರು.

ಜಾಣಗೆರೆ
ತಮಾಷೆಗೆ ಹೇಳಿದೆ.

ಗುಜರಿ ಅಂಗಡಿ, 30 ವರ್ಷ
ನಾಲ್ಕೈದು ಕಿಲೋ ಎಂಬ ಲೆಕ್ಕ ತಮಾಷೆಗೆ ಬರುವುದಿಲ್ಲ.

ಮಲೆನಾಡ ಮಳೆ
ಇದರ ತಿರುಗುಮುರುಗು ಇನ್ನೂ ಅಪಾಯದ್ದು. ಆಸಿಡ್ ಚೆಲ್ಲಿ ಒಯ್ದರೆ ಒಳ್ಳೆಯ ದರ ಎಂದು ನಮ್ಮ ನೆಂಟರೊಬ್ಬರು ಬ್ಯಾಟರಿಯನ್ನು ಹಿತ್ತಲಿನ ತೆಂಗಿನ ಬುಡಕ್ಕೆ ಬೋರಲು ಹಾಕಿದರು. ಆ ದ್ರವದಲ್ಲಿ ಗಂಧಕಾಮ್ಲ ಮಾತ್ರವಲ್ಲ, ಸೀಸವೂ ಇರುತ್ತದೆ, ಅದು ಮಣ್ಣಿನಲ್ಲೇ ಉಳಿಯುತ್ತದೆ. ಅಲ್ಲೇ ಮೊಮ್ಮಕ್ಕಳು ಆಡುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಬೆರೆಸುವಂತಿಲ್ಲ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿರುವವರಿಗೇ ಕೊಡಬೇಕು.

ಆಟೋದಲ್ಲಿ ಒಯ್ಯುವಾಗ ನೆಟ್ಟಗೆ ನಿಲ್ಲಿಸಿ ಕಟ್ಟಿ. ನಾನು ಕಾಲಿನ ಪಕ್ಕ ವಾಲಿಸಿ ಇಟ್ಟುಕೊಂಡಿದ್ದೆ. ಆಗ ಏನೂ ಗೊತ್ತಾಗಲಿಲ್ಲ. ಒಗೆದ ಮೇಲೆ ಹತ್ತಿಯ ಪಂಚೆ ಜರಡಿಯಾಗಿತ್ತು.

ಅಡುಗೆಮನೆ ಅಕ್ಕ
ಚೆಲ್ಲಿದ ಕಡೆ ಅಡುಗೆ ಸೋಡಾ ಹಾಕಿ, ನೊರೆ ನಿಲ್ಲುವವರೆಗೆ. ಪಂಚೆಗೆ ಈಗ ಹಾಕಿ ಪ್ರಯೋಜನವಿಲ್ಲ.

ಲೆಸ್ಟರ್ ಕನ್ನಡಿಗ
ಇಲ್ಲಿ ಇಂಗ್ಲೆಂಡಿನಲ್ಲಿ 2013ರ ಕಾನೂನು ಬಂದ ಮೇಲೆ ಗುಜರಿ ಲೋಹಕ್ಕೆ ನಗದು ಕೊಡುವಂತೆಯೇ ಇಲ್ಲ. ಗುರುತಿನ ಚೀಟಿ ತೋರಿಸಬೇಕು, ಹಣ ಬ್ಯಾಂಕಿಗೆ ಬರುತ್ತದೆ. ತಾಮ್ರದ ಕೇಬಲ್ ಕಳವು ಅಷ್ಟು ಹೆಚ್ಚಿತ್ತು.

ಕೋಲಾರದ ಕೊಳವೆಬಾವಿ
ನಮ್ಮ ತೋಟದ ಕೇಬಲ್ ಎರಡು ಸಲ ಕಳುವಾಗಿದೆ. ಆ ಕಾನೂನನ್ನು ಪಾರ್ಸೆಲ್ ಮಾಡಿ.

ಹಳೆಯ ಸೇರು
ನೀವೆಲ್ಲ ಎಲೆಕ್ಟ್ರಾನಿಕ್ ಎನ್ನುತ್ತೀರಿ. ನಮ್ಮ ಕಾಲದಲ್ಲಿ ಕೈತಕ್ಕಡಿ. 1962ರಲ್ಲಿ ಕಿಲೋ ಕಡ್ಡಾಯವಾದ ಮೇಲೂ ನಮ್ಮ ಸಂತೆಯಲ್ಲಿ ಸೇರಿನ ಮಾತು ಬಹಳ ದಿನ ನಡೆಯಿತು. ತಟ್ಟೆಯ ಅಡಿಗೆ ಹುಣಸೆಹಣ್ಣು ಮೆತ್ತುವುದು, ಅಯಸ್ಕಾಂತ ಅಂಟಿಸುವುದು, ದಂಡಿಗೆಯ ಒಂದು ಕೈಯನ್ನು ಉದ್ದ ಮಾಡುವುದು, ಎಲ್ಲ ನೋಡಿದ್ದೇನೆ. ಅಪ್ಪ ಒಂದೇ ಮಾತು ಹೇಳುತ್ತಿದ್ದರು: "ತಟ್ಟೆ ಬದಲಿಸಿ ತೂಗು."

ಭೌತಶಾಸ್ತ್ರ ಮೇಷ್ಟ್ರು
ನಿಮ್ಮ ತಂದೆಗೆ ನಮಸ್ಕಾರ. ಎಡಕ್ಕಿಟ್ಟಾಗ 20 ಕಿಲೋ, ಬಲಕ್ಕಿಟ್ಟಾಗ 18 ಕಿಲೋ ಬಂದರೆ ಎರಡನ್ನೂ ಗುಣಿಸಿ ವರ್ಗಮೂಲ ತೆಗೆಯಬೇಕು. 18.97 ಬರುತ್ತದೆ. ದಂಡಿಗೆ ಎಷ್ಟೇ ಸೊಟ್ಟಗಿರಲಿ, ನಿಜವಾದ ತೂಕ ಅದೇ. ಆದರೆ ಖಾಲಿ ತಟ್ಟೆಗಳು ಸಮವಾಗಿ ನಿಲ್ಲುತ್ತಿರಬೇಕು, ಹುಣಸೆಹಣ್ಣಿಗೆ ಈ ಲೆಕ್ಕ ನಡೆಯುವುದಿಲ್ಲ.

ಇನ್ನೊಂದು ಸ್ವಾರಸ್ಯ. ಎಲೆಕ್ಟ್ರಾನಿಕ್ ಯಂತ್ರ ಅಳೆಯುವುದು ಭೂಮಿಯ ಸೆಳೆತವನ್ನು. ದೆಹಲಿಯಲ್ಲಿ ಗುರುತ್ವ ಸುಮಾರು 9.79, ಬೆಂಗಳೂರಿನಲ್ಲಿ ಸುಮಾರು 9.78. ಅಲ್ಲಿ ಹೊಂದಿಸಿದ ಯಂತ್ರವನ್ನು ಇಲ್ಲಿಗೆ ತಂದು ಮತ್ತೆ ಹೊಂದಿಸದಿದ್ದರೆ ಐವತ್ತು ಕಿಲೋಗೆ ಸುಮಾರು ಐವತ್ತು ಗ್ರಾಂ ಕಡಿಮೆ ತೋರಿಸುತ್ತದೆ.

ಸೀಗೆಪುಡಿ
88ರ ದರದಲ್ಲಿ ನಾಲ್ಕೂವರೆ ರೂಪಾಯಿ. ಈ ಚರ್ಚೆ ಓದುತ್ತ ಕುಡಿದ ಕಾಫಿಗೂ ಆಗುವುದಿಲ್ಲ ಮೇಷ್ಟ್ರೇ.

ಹಳೆಮನೆ ಹಾಸನ
ಎಲ್ಲರಿಗೂ ನಮಸ್ಕಾರ, ನಾಲ್ಕು ದಿನದ ಮೇಲೆ ಬರೆಯುತ್ತಿದ್ದೇನೆ.

ಪಕ್ಕದ ಅಂಗಡಿಯಿಂದ 30 ಕಿಲೋ ಯಂತ್ರವನ್ನು ಸಾಲ ತಂದೆ, ಮುದ್ರೆ ಇದ್ದದ್ದು. ಮೇಷ್ಟ್ರ ಹಲಗೆ ವಿದ್ಯೆ ಮಾಡಿದೆ. ಒಂದು ಕಡೆ 27.35, ಇನ್ನೊಂದು ಕಡೆ 25.80. ಹಲಗೆ ಮತ್ತು ಸರಳುಗಳಿಗೆ 2.90 ಕಳೆದು 50.25. ಅಂದರೆ ನನ್ನ ಮನೆಯ ಯಂತ್ರ ಒಂದೂಮುಕ್ಕಾಲು ಕಿಲೋ ಹೆಚ್ಚು ಹೇಳಿತ್ತು. ಈಗ ನನ್ನ ತೂಕವೂ ಅಷ್ಟು ಕಡಿಮೆಯಾಯಿತೆಂದು ಹೆಂಡತಿಗೆ ಹೇಳಿದೆ, ಅವಳು ನಂಬಲಿಲ್ಲ.

ಅದೇ ಯಂತ್ರದಲ್ಲಿ ಒಂದು ಡಬ್ಬಕ್ಕೆ ಕಲ್ಲು ತುಂಬಿ, ಸರಿಯಾಗಿ 20 ಕಿಲೋ ಮಾಡಿ, ಮೊದಲಿನ ಗುಜರಿಗೆ ಹೋಗಿ ಇಟ್ಟೆ. 17.5! "ಇದು 20 ಕಿಲೋ" ಎಂದೆ. ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿ, "ಕರೆಂಟ್ ಏರುಪೇರು" ಎಂದರು. ಮತ್ತೆ 17.5. ಆಮೇಲೆ ಡಬ್ಬವನ್ನೇ ಕೊಂಡುಕೊಳ್ಳಲೇ ಎಂದು ಕೇಳಿದರು.

ಬೇರೆ ಕಡೆ ಹೋದೆ. ದರ 88, ಗೋಡೆಯ ಮೇಲೆ ಪ್ರಮಾಣಪತ್ರ, ಡಬ್ಬ 20.0 ತೋರಿಸಿತು, ಬ್ಯಾಟರಿ 50.2. ಇನ್ನೂರು ಗ್ರಾಂ ಬಿಟ್ಟು 50ಕ್ಕೆ 4400 ಕೊಟ್ಟರು. ಮೊದಲಿನವರು ಕೊಡುತ್ತಿದ್ದದ್ದು 4180.

ಜಾಣಗೆರೆ
ಇಷ್ಟೆಲ್ಲ ಮಾಡಿ 220 ರೂಪಾಯಿ ಲಾಭ! ಆಟೋಗೆ ಎಷ್ಟಾಯಿತು?

ಹಳೆಮನೆ ಹಾಸನ
ಎಲ್ಲ ಸೇರಿ 360. ಆದರೆ ಎರಡನೇ ಬ್ಯಾಟರಿ ಇನ್ನೂ ಇದೆ, ತಾಮ್ರ ಮುಟ್ಟಿಯೇ ಇಲ್ಲ. ಎಲ್ಲವನ್ನೂ ಒಂದೇ ಸಲ ಒಯ್ಯುತ್ತೇನೆ.

ವೈಂಡಿಂಗ್ ಅಂಗಡಿ
ತಾಮ್ರವನ್ನು ಆ 17.5ರ ಯಂತ್ರದ ಮೇಲೆ ಇಟ್ಟಿದ್ದರೆ ಎಂಟು ಕಿಲೋಗೆ ಒಂದು ಕಿಲೋ ಹೋಗುತ್ತಿತ್ತು ಸರ್. ಆಟೋ ಬಾಡಿಗೆ ಅಲ್ಲೇ ಎರಡು ಪಟ್ಟು ಹುಟ್ಟುತ್ತದೆ.

ಮುದ್ರೆ ಕಂಡವನು
ದೂರು ಕೊಟ್ಟಿರಾ?

ಹಳೆಮನೆ ಹಾಸನ
ನಾಳೆ ತಾಲ್ಲೂಕು ಕಚೇರಿಯ ಕಡೆ ಹೋಗುವುದಿದೆ. ಡಬ್ಬ ಕಾರಿನಲ್ಲೇ ಇದೆ.

ಸೀಗೆಪುಡಿ
ಕಲ್ಲು ತೊಳೆದಿಡಿ ಸರ್, ಮಳೆಗೆ ನೆಂದರೆ 20.1 ಆಗಿಬಿಡುತ್ತದೆ.